ಗುಬ್ಬಿಯಲ್ಲಿ ಇಳಿದು ಬಂದ ಮಗಳು

ಮೇಡಂ,

ನಾವು ತಿಪಟೂರಿನವರು. ಯಜಮಾನರು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ, ನಾನು ಮನೆಯಲ್ಲೇ ರವಿಕೆ ಹೊಲಿಯುತ್ತೇನೆ. ಒಬ್ಬಳೇ ಮಗಳು, 23 ವರ್ಷ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಆಮೇಲೆ ಸೈನ್ಸ್ ತೆಗೆದುಕೊಂಡು ಎಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಇ. ಮುಗಿಸಿದಳು, ಎಲ್ಲದರಲ್ಲೂ ಫಸ್ಟ್ ಕ್ಲಾಸ್. ಕಾಲೇಜಿಗೆ ಬಂದ ಕಂಪನಿಗಳಲ್ಲಿ ಎರಡು ಕಡೆ ಟೆಸ್ಟ್ ಪಾಸಾದಳು, ಇಂಟರ್‌ವ್ಯೂನಲ್ಲಿ ಆಗಲಿಲ್ಲ. ಮನೆಗೆ ಬಂದು ಹತ್ತು ತಿಂಗಳಾಯಿತು.

ಮೊದಲು ದಿನಾ ಅಪ್ಲಿಕೇಶನ್ ಹಾಕುತ್ತಿದ್ದಳು. ಈಗ ಲ್ಯಾಪ್‌ಟಾಪ್ ತೆಗೆಯುವುದೇ ಇಲ್ಲ. ರಾತ್ರಿ ಎರಡರವರೆಗೆ ಮೊಬೈಲ್, ಬೆಳಗ್ಗೆ ಹನ್ನೊಂದಕ್ಕೆ ಏಳುತ್ತಾಳೆ. ಇಡೀ ದಿನ ಟೈಮ್ ಇದ್ದರೂ ಪುಸ್ತಕ ಮುಟ್ಟುವುದಿಲ್ಲ. ಪಕ್ಕದ ಮನೆ ಹುಡುಗ ಇದೇ ಕಾಲೇಜು, 2021ರಲ್ಲಿ ಕೋರ್ಸ್ ಮುಗಿಯುವ ಮೊದಲೇ ಕೆಲಸ ಸಿಕ್ಕಿತ್ತು. ಅವನಿಂದ ಹೇಳಿಸಿಕೊಂಡು ನಾನೇ ಅವಳ ಲಾಗಿನ್‌ನಲ್ಲಿ ಅಪ್ಲಿಕೇಶನ್ ಹಾಕುತ್ತಿದ್ದೇನೆ. ಹೋದ ತಿಂಗಳು ಬೆಂಗಳೂರಿನಲ್ಲಿ ಒಂದು ಇಂಟರ್‌ವ್ಯೂ ಬಂತು. ಬಸ್ಸು ಹತ್ತಿಸಿ ಬಂದೆ. ಗುಬ್ಬಿ ಹತ್ತಿರ ಫೋನ್ ಮಾಡಿ, 'ಹೊಟ್ಟೆ ತೊಳಸುತ್ತಿದೆ, ಎದೆ ಹೊಡ್ಕೋತಿದೆ, ಆಗಲ್ಲಮ್ಮ' ಎಂದು ಅತ್ತಳು. 'ಇಳಿದು ಬಂದುಬಿಡು' ಎಂದೆ. ಕಂಪನಿಗೆ ನಾನೇ ಅವಳ ಹೆಸರಲ್ಲಿ ಜ್ವರ ಎಂದು ಮೇಲ್ ಹಾಕಿದೆ. ಆ ರಾತ್ರಿ, 'ನಾನಿಲ್ಲದೇ ಇದ್ದಿದ್ರೆ ನಿಮಗೆ ಇಷ್ಟು ಕಷ್ಟ ಇರ್ತಿರಲಿಲ್ಲ' ಎಂದಳು. ಎಜುಕೇಶನ್ ಲೋನ್ ಕಂತು ಇನ್ನು ಸ್ವಲ್ಪ ದಿನಕ್ಕೆ ಶುರುವಾಗುತ್ತದೆ. ಯಜಮಾನರು ಯುಗಾದಿವರೆಗೆ ನೋಡುತ್ತೇನೆ, ಆಮೇಲೆ ಗಂಡು ನೋಡುತ್ತೇನೆ ಎನ್ನುತ್ತಿದ್ದಾರೆ. ಪರಿಚಯದವರೊಬ್ಬರು ಎರಡು ಲಕ್ಷ ಕೊಟ್ಟರೆ ಒಳಗಿನಿಂದ ಕೆಲಸ ಕೊಡಿಸುತ್ತಾರಂತೆ.

ನಾನು ಗಟ್ಟಿಯಾಗಿ ಹೇಳಿ ಕಳಿಸಬೇಕೋ, ಅವಳ ಪಾಡಿಗೆ ಬಿಡಬೇಕೋ ಗೊತ್ತಾಗುತ್ತಿಲ್ಲ. ನನಗೂ ನಿದ್ದೆ ಇಲ್ಲ. ಒಪ್ಪಿಕೊಂಡ ಬಟ್ಟೆಗಳು ಹಾಗೇ ಬಿದ್ದಿವೆ.

— ಒಬ್ಬ ತಾಯಿ, ತಿಪಟೂರು

ಅಮ್ಮ,

ನಿಮ್ಮ ಪತ್ರದ ನಡುವೆ ಒಂದು ಮಾತು ಬರೆದು, ತಕ್ಷಣ ಸಾಲದ ವಿಷಯಕ್ಕೆ ಹೋಗಿಬಿಟ್ಟಿದ್ದೀರಿ. 'ನಾನಿಲ್ಲದೇ ಇದ್ದಿದ್ರೆ' ಎಂದು ಮಗಳು ಆಡಿದ ಮಾತು. ಮಿಕ್ಕ ಎಲ್ಲಕ್ಕಿಂತ ಮೊದಲು ಅದರ ಬಗ್ಗೆ ಹೇಳುತ್ತೇನೆ. ಅದು ಆ ರಾತ್ರಿಯ ಬೇಸರದ ಮಾತು ಇರಬಹುದು, ಅದಕ್ಕಿಂತ ಆಳದ್ದೂ ಇರಬಹುದು. ಊಹೆ ಮಾಡುತ್ತ ಕೂರಬೇಡಿ, ಇವತ್ತೇ ಪಕ್ಕದಲ್ಲಿ ಕೂತು ಕೇಳಿ: 'ಆವತ್ತು ಹಾಗಂದೆಯಲ್ಲ ಮಗಳೇ, ಬದುಕೇ ಬೇಡ ಅನ್ನೋಷ್ಟು ಬೇಜಾರಾಗಿದೆಯಾ? ಸಾಯೋ ಯೋಚನೆ ಏನಾದ್ರೂ ಬರುತ್ತಾ?' ಇಷ್ಟು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಎಂದು ತುಂಬ ತಾಯಂದಿರು ಹೆದರುತ್ತಾರೆ. ಹಾಗಾಗುವುದಿಲ್ಲ. ಒಳಗೆ ಒಬ್ಬಳೇ ಹೊತ್ತುಕೊಂಡಿದ್ದನ್ನು ಹೇಳಿಕೊಳ್ಳಲು ಬಾಗಿಲು ಸಿಕ್ಕಂತಾಗುತ್ತದೆ. ಹೌದು ಎಂದರೆ ಗಾಬರಿಯಾಗಿ ಬೈಯಬೇಡಿ, ಆಣೆ ಹಾಕಿಸಬೇಡಿ. ಅವಳನ್ನು ಒಬ್ಬಳನ್ನೇ ಬಿಡಬೇಡಿ, ಮನೆಯಲ್ಲಿರುವ ಮಾತ್ರೆ, ತೋಟಕ್ಕೆ ಹೊಡೆಯುವ ಔಷಧಿ ಏನಿದ್ದರೂ ಕೈಗೆ ಸಿಗದ ಹಾಗೆ ಎತ್ತಿಡಿ. 14416ಕ್ಕೆ ಫೋನ್ ಮಾಡಿ. ಇದು 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮನಸ್ ಸಹಾಯವಾಣಿ. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮಾರನೇ ದಿನವೇ ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿಗೆ ತೋರಿಸಿ. ಆಗ ಇಂಟರ್‌ವ್ಯೂ, ಲೋನ್ ಎಲ್ಲ ಕಾಯಲಿ. ಇಲ್ಲ ಎಂದರೆ ಸಮಾಧಾನ, ಆದರೂ ಕೇಳುವ ಬಾಗಿಲು ತೆಗೆದೇ ಇಡಿ.

ಅಂಥದ್ದೇನೂ ಇಲ್ಲ ಎಂದುಕೊಂಡು ಮುಂದಿನದ್ದನ್ನು ಬರೆಯುತ್ತಿದ್ದೇನೆ.

ಗುಬ್ಬಿಯ ವಿಷಯಕ್ಕೆ ಬರೋಣ. ಆ ದಿನ ನಿಮ್ಮ ಮಗಳ ಹೊಟ್ಟೆ ನಿಜವಾಗಿಯೂ ತೊಳಸಿತ್ತು. ಎದೆ ನಿಜವಾಗಿಯೂ ಹೊಡೆದುಕೊಂಡಿತ್ತು. ನಾಟಕವಲ್ಲ, ಸೋಮಾರಿತನವೂ ಅಲ್ಲ. ಅಪಾಯ ಬಂದಾಗ ಓಡಲಿಕ್ಕೋ ಹೋರಾಡಲಿಕ್ಕೋ ಮೈ ತಯಾರಾಗುತ್ತದೆ. ರಕ್ತ ಕೈಕಾಲಿನ ಕಡೆ ಹರಿಯುತ್ತದೆ, ಜೀರ್ಣದ ಕೆಲಸ ನಿಧಾನವಾಗುತ್ತದೆ, ಅದಕ್ಕೇ ಹೊಟ್ಟೆ ತೊಳಸುವುದು. ಎದುರಿಗಿರುವುದು ಹಾವೋ, ಇಂಟರ್‌ವ್ಯೂ ಮಾಡುವ ಮೂರು ಜನರೋ, ಮೈಗೆ ವ್ಯತ್ಯಾಸ ತಿಳಿಯುವುದಿಲ್ಲ. ನೀವು 'ಇಳಿದು ಬಂದುಬಿಡು' ಎಂದಿರಿ. ಅವಳು ಬಸ್ಸಿನಿಂದ ಇಳಿದಳು. ಇಳಿದ ಸ್ವಲ್ಪ ಹೊತ್ತಿಗೆ ತೊಳಸು ನಿಂತಿರಬೇಕು. ವಾಪಸ್ ಬಸ್ಸು ಹತ್ತುವ ಹೊತ್ತಿಗೆ ಉಸಿರು ಸರಿಯಾಗಿರಬೇಕು.

ತೊಂದರೆ ಇರುವುದು ಆ ನೆಮ್ಮದಿಯಲ್ಲಿ. ಮನಸ್ಸು ಅಲ್ಲಿ ಒಂದು ಪಾಠ ಕಲಿಯಿತು: ಇಳಿದಿದ್ದರಿಂದ ಉಳಿದೆ. ಅದು ತಪ್ಪು ಪಾಠ, ಆದರೆ ಬಹಳ ಗಟ್ಟಿಯಾಗಿ ಕೂರುವ ಪಾಠ. ಮುಂದಿನ ಸಲ ಆ ಭಯ ಗುಬ್ಬಿಯವರೆಗೆ ಕಾಯುವುದಿಲ್ಲ, ಕೆ.ಬಿ. ಕ್ರಾಸ್‌ನಲ್ಲೇ ಬರುತ್ತದೆ. ಅದರ ಮುಂದಿನ ಸಲ ತಿಪಟೂರು ಬಸ್ ಸ್ಟ್ಯಾಂಡಿನಲ್ಲಿ. ಆಮೇಲೆ ಮನೆಯ ಹೊಸ್ತಿಲಲ್ಲಿ. ಈಗ ಲ್ಯಾಪ್‌ಟಾಪ್ ತೆಗೆಯುತ್ತಿಲ್ಲ ಎಂದಿರಲ್ಲ, ಅದೂ ಇದೇ ದಾರಿಯ ಒಂದು ನಿಲ್ದಾಣ. ತೆಗೆದರೆ ಮೇಲ್ ನೋಡಬೇಕು, ನೋಡಿದರೆ ಎದೆ ಹೊಡೆದುಕೊಳ್ಳುತ್ತದೆ, ತೆಗೆಯದಿದ್ದರೆ ಆ ಹೊತ್ತಿಗೆ ಶಾಂತಿ. ತಪ್ಪಿಸಿಕೊಂಡಷ್ಟೂ ಭಯ ಬೆಳೆಯುತ್ತದೆ ಎಂಬುದು ಆತಂಕದ ಬಗ್ಗೆ ಮನಶ್ಶಾಸ್ತ್ರ ತುಂಬ ಖಚಿತವಾಗಿ ಕಂಡುಕೊಂಡಿರುವ ಸಂಗತಿಗಳಲ್ಲಿ ಒಂದು. ಇಳಿಯದೆ ಕೂತಿದ್ದರೆ ಇನ್ನೊಂದು ಸಂಗತಿ ಅವಳಿಗೆ ಗೊತ್ತಾಗುತ್ತಿತ್ತು. ತೊಳಸು ಏರಿ, ಒಂದು ಮಟ್ಟಕ್ಕೆ ಹೋಗಿ, ತುಮಕೂರು ದಾಟುವ ಹೊತ್ತಿಗೆ ತಾನಾಗಿ ಇಳಿಯುತ್ತಿತ್ತು. ಅದನ್ನು ಯಾರೂ ಬಾಯಲ್ಲಿ ಹೇಳಿಕೊಡಲಾಗುವುದಿಲ್ಲ, ಅವಳ ಮೈಯೇ ಕಂಡುಕೊಳ್ಳಬೇಕು.

ನೀವು ಕೇಳಿರುವ ಪ್ರಶ್ನೆಗೆ ನನ್ನ ಉತ್ತರ ಇಲ್ಲಿಂದ ಹುಟ್ಟುತ್ತದೆ. ಗಟ್ಟಿಯಾಗಿ ಹೇಳಿ ಕಳಿಸಿದರೆ, ಅಮ್ಮನಿಗೆ ನನ್ನ ಕಷ್ಟ ಅರ್ಥವಾಗುವುದಿಲ್ಲ ಎಂದುಕೊಳ್ಳುತ್ತಾಳೆ. ಅವಳ ಪಾಡಿಗೆ ಬಿಟ್ಟರೆ, ಅಥವಾ ಅವಳ ಕೆಲಸವನ್ನು ನೀವೇ ಮಾಡಿದರೆ, ನನ್ನ ಕೈಲಾಗುವುದಿಲ್ಲ ಎಂದು ಅಮ್ಮನಿಗೂ ಖಾತ್ರಿಯಾಗಿದೆ ಎಂದುಕೊಳ್ಳುತ್ತಾಳೆ. ನೀವು ಎರಡನ್ನೂ ಒಟ್ಟಿಗೆ ಹೇಳಬೇಕು, ಒಂದೇ ಉಸಿರಿನಲ್ಲಿ: 'ನಿಂಗೆ ತುಂಬಾ ಭಯ ಆಗ್ತಿದೆ, ಅದು ನಿಜ ಅಂತ ನಂಗೆ ಗೊತ್ತು. ಆ ಭಯ ಇಟ್ಕೊಂಡೇ ನೀನು ಮಾಡ್ತೀಯ, ಅದೂ ನಂಗೆ ಗೊತ್ತು.' ಬರೀ ಮೊದಲರ್ಧ ಹೇಳಿದರೆ ಅದು ಮರುಕ. ಬರೀ ಎರಡನೇ ಅರ್ಧ ಹೇಳಿದರೆ ಅದು ಒತ್ತಡ. 'ಇದಕ್ಕೆಲ್ಲ ಯಾರಾದ್ರೂ ಹೆದರ್ತಾರಾ' ಎನ್ನುವ ಮಾತು ಎರಡೂ ಅಲ್ಲ, ಅದನ್ನು ಎಂದೂ ಆಡಬೇಡಿ.

ಇದು ನನ್ನೊಬ್ಬಳ ಅಭಿಪ್ರಾಯವಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಚೈಲ್ಡ್ ಸ್ಟಡಿ ಸೆಂಟರ್‌ನಲ್ಲಿ ಎಲೈ ಲೆಬೊವಿಟ್ಜ್ ಎಂಬ ಮನಶ್ಶಾಸ್ತ್ರಜ್ಞರಿದ್ದಾರೆ. ಆತಂಕ ಇರುವ ಮಕ್ಕಳಿಗಾಗಿ ಅವರು ರೂಪಿಸಿದ 'ಸ್ಪೇಸ್' ಎಂಬ ಚಿಕಿತ್ಸೆಯಲ್ಲಿ ಮಕ್ಕಳು ಬರುವುದೇ ಇಲ್ಲ, ಹೆತ್ತವರು ಮಾತ್ರ ಬರುತ್ತಾರೆ. ಮಗುವಿನ ಭಯಕ್ಕೆ ಅನುಕೂಲ ಮಾಡಿಕೊಡುವ ತಮ್ಮ ನಡವಳಿಕೆಗಳನ್ನು ಒಂದೊಂದಾಗಿ ಕಡಿಮೆ ಮಾಡುವುದನ್ನು ಕಲಿಯುತ್ತಾರೆ. 7ರಿಂದ 14 ವರ್ಷದ ಮಕ್ಕಳ ಮೇಲೆ ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಕ್ಕಳಿಗೇ ನೇರವಾಗಿ ಕೊಟ್ಟ ಚಿಕಿತ್ಸೆಗೆ ಇದು ಕಡಿಮೆಯಿಲ್ಲದಂತೆ ಕೆಲಸ ಮಾಡಿತು. ಓದು ಮುಗಿಸಿ ಮನೆಯಲ್ಲೇ ಉಳಿದ ದೊಡ್ಡ ಮಕ್ಕಳ ಹೆತ್ತವರಿಗೂ ಅದೇ ತಂಡ ಇದನ್ನು ಹೊಂದಿಸಿದೆ. ನನಗೆ ಇದರಲ್ಲಿ ಬಹಳ ಮುಖ್ಯ ಅನ್ನಿಸುವುದು ಇಷ್ಟು: ಮಗಳು ಬದಲಾಗಲಿ ಎಂದು ನೀವು ಕಾಯಬೇಕಿಲ್ಲ. ಬದಲಾಯಿಸಲು ಸಾಧ್ಯವಿರುವುದು ನಿಮ್ಮ ನಡವಳಿಕೆ, ಅದು ಪೂರ್ತಿ ನಿಮ್ಮ ಕೈಯಲ್ಲಿದೆ.

ಹಾಗಾದರೆ ನೀವು ಏನೇನು ಮಾಡುತ್ತಿದ್ದೀರಿ ನೋಡಿ. ಅವಳ ಲಾಗಿನ್‌ನಲ್ಲಿ ಅಪ್ಲಿಕೇಶನ್ ಹಾಕುತ್ತೀರಿ. ಅವಳ ಹೆಸರಲ್ಲಿ ಮೇಲ್ ಬರೆಯುತ್ತೀರಿ. ಕರುಳಿನ ಸಂಕಟಕ್ಕೆ ಮಾಡುತ್ತಿರುವುದು, ನಾನು ದೂರುತ್ತಿಲ್ಲ. ಆದರೆ ಬಿಡಬೇಕು. ಸಿಟ್ಟಿನಲ್ಲಿ 'ನಿನ್ನ ಹಣೆಬರಹ, ನಾನು ಬಿಟ್ಟೆ' ಎಂದು ಬಿಡಬಾರದು. ಮನೆ ಶಾಂತವಾಗಿದ್ದ ಒಂದು ಹೊತ್ತು ನೋಡಿ, ಇಬ್ಬರೂ ಕೂತು ಹೇಳಿ: 'ನಿನ್ನ ಅಪ್ಲಿಕೇಶನ್ ನಾನು ಹಾಕಿದ್ದರಿಂದ ನಿಂಗೆ ನಿನ್ನ ಮೇಲಿನ ನಂಬಿಕೆ ಕಡಿಮೆ ಆಯ್ತೇನೋ ಅನ್ಸುತ್ತೆ. ಮುಂದಿನ ಸೋಮವಾರದಿಂದ ನಾನು ನಿನ್ನ ಲಾಗಿನ್ ಮುಟ್ಟಲ್ಲ. ಪಕ್ಕದಲ್ಲಿ ಕೂರು ಅಂದ್ರೆ ಕೂರ್ತೀನಿ.' ಹೇಳಿದ ದಿನದಿಂದ ಹಾಗೇ ನಡೆಯಿರಿ. ಅವಳು ಸಿಟ್ಟಾಗಬಹುದು, ಅಳಬಹುದು, ಎರಡು ದಿನ ಮಾತು ಬಿಡಬಹುದು. ಕೆಲವು ವಾರ ಒಂದೂ ಅಪ್ಲಿಕೇಶನ್ ಹೋಗದೆಯೂ ಇರಬಹುದು. ಆ ಖಾಲಿ ವಾರಗಳೇ ನಿಮಗೆ ಅತ್ಯಂತ ಕಷ್ಟದವು. ಮೂರನೇ ದಿನಕ್ಕೆ ಮನಸ್ಸು ತಾಳದೆ ಕದ್ದು ಒಂದು ಅಪ್ಲಿಕೇಶನ್ ಹಾಕಿದರೆ, ಅಮ್ಮನ ಮಾತು ಮೂರು ದಿನದ್ದು ಎಂದು ಅವಳಿಗೆ ಗೊತ್ತಾಗುತ್ತದೆ.

ಮುಂದೆ ಒಂದು ದಿನ ಮತ್ತೆ ಇಂಟರ್‌ವ್ಯೂ ಬರುತ್ತದೆ, ಮತ್ತೆ ಬಸ್ಸಿನಿಂದ ಫೋನ್ ಬರಬಹುದು. ಆಗ ಏನು ಹೇಳಬೇಕು ಎಂದು ಈಗಲೇ ಇಬ್ಬರೂ ಮಾತಾಡಿಕೊಂಡಿರಿ. 'ಇಳಿದು ಬಾ' ಬೇಡ. 'ಸುಮ್ನೆ ಹೋಗು, ಏನೂ ಆಗಲ್ಲ' ಎನ್ನುವುದೂ ಬೇಡ. 'ತೊಳಸ್ತಿದೆ ಅಲ್ವಾ, ಕಷ್ಟ ಆಗ್ತಿದೆ ಗೊತ್ತು. ಕಿಟಕಿ ತೆಗೆದು ನಿಧಾನಕ್ಕೆ ಉಸಿರು ಬಿಡು. ತುಮಕೂರುವರೆಗೆ ಹೋಗು, ಅಲ್ಲಿಂದ ಫೋನ್ ಮಾಡು' ಎನ್ನಿ. ತುಮಕೂರಿನಲ್ಲಿ ಕೇಳಿದರೆ ನೆಲಮಂಗಲದವರೆಗೆ. ಇಷ್ಟಾದರೂ ಇಳಿದು ಬಂದರೆ ಮುಖ ಸಣ್ಣ ಮಾಡಬೇಡಿ. ಗುಬ್ಬಿಯ ಬದಲು ತುಮಕೂರಿನಿಂದ ವಾಪಸ್ಸಾದಳು ಎಂದರೆ ಮುಂದೆ ಹೋದಳು ಎಂದೇ ಲೆಕ್ಕ.

ನೇರವಾಗಿ ಇಂಟರ್‌ವ್ಯೂ ದಿನವೇ ಆ ಬಸ್ಸು ಹತ್ತಬೇಕೆಂದೂ ಇಲ್ಲ. ಯಾವ ಕೆಲಸವೂ ಇಲ್ಲದ ಒಂದು ದಿನ ತುಮಕೂರಿಗೆ ಒಬ್ಬಳೇ ಹೋಗಿ ಬರಲಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ, ಇಂಥ ಅಭ್ಯಾಸಕ್ಕೆ ಅದು ದೊಡ್ಡ ಅನುಕೂಲ. ಆಮೇಲೆ ಬೆಂಗಳೂರಿಗೆ. ಮೊದಲ ಸಲ ನೀವು ಮೆಜೆಸ್ಟಿಕ್‌ವರೆಗೆ ಜೊತೆಗೆ ಹೋಗಬಹುದು, ಅಲ್ಲಿಂದ ಮೆಟ್ರೊ ಹತ್ತಿ ಅವಳೊಬ್ಬಳೇ ಮುಂದೆ ಹೋಗಲಿ. ಕಂಪನಿಯ ಗೇಟಿನವರೆಗೆ ಹೋಗಬೇಡಿ. ಒಂದೆರಡು ವಾಕ್-ಇನ್‌ಗಳಿಗೆ ಸೆಲೆಕ್ಟ್ ಆಗಲೆಂದಲ್ಲ, ಆ ಸಾಲಿನಲ್ಲಿ ಕೂತು ಬರಲೆಂದೇ ಹೋಗಲಿ. ಯಾವ ಹೆಜ್ಜೆ ಯಾವಾಗ ಎಂಬುದನ್ನು ಅವಳೇ ಬರೆದು ಗೋಡೆಗೆ ಅಂಟಿಸಿಕೊಳ್ಳಲಿ. ನೀವು ಗೀಚಿಕೊಟ್ಟ ಪಟ್ಟಿ ಅವಳದಾಗುವುದಿಲ್ಲ.

ಈಗ ಪಕ್ಕದ ಮನೆ ಹುಡುಗನ ಮಾತು. ಅವನ ಹೆಸರು ನಿಮ್ಮ ಮನೆಯಲ್ಲಿ ಎಷ್ಟು ಸಲ ಬರುತ್ತದೆಯೋ ಗೊತ್ತಿಲ್ಲ, ಬಂದಷ್ಟು ಸಲವೂ ಅವಳಿಗೆ ಚುಚ್ಚುತ್ತದೆ. ಆ ಹೋಲಿಕೆ ನ್ಯಾಯವಾದದ್ದೂ ಅಲ್ಲ. ಅವನಿಗೆ ಕೆಲಸ ಸಿಕ್ಕಿದ ಕಾಲವೇ ಬೇರೆ. 2021-22ರಲ್ಲಿ ಸಾಫ್ಟ್‌ವೇರ್ ಕಂಪನಿ ಟಿಸಿಎಸ್ ಒಂದೇ 1 ಲಕ್ಷ ಹೊಸಬರನ್ನು ತೆಗೆದುಕೊಂಡಿತ್ತು, ಇನ್ಫೋಸಿಸ್ 85 ಸಾವಿರ. ಕೋವಿಡ್ ಕಾಲದಲ್ಲಿ ಜಗತ್ತಿನ ವ್ಯವಹಾರವೆಲ್ಲ ಆನ್‌ಲೈನ್‌ಗೆ ಬಂದು ಕಂಪನಿಗಳಿಗೆ ಕೈ ಸಾಲುತ್ತಿರಲಿಲ್ಲ. ಎರಡೇ ವರ್ಷಕ್ಕೆ ಗಾಳಿ ತಿರುಗಿತು. 2023-24ರಲ್ಲಿ ಟಿಸಿಎಸ್, ಇನ್ಫೋಸಿಸ್, ವಿಪ್ರೊ ಈ ಮೂರೇ ಕಂಪನಿಗಳ ನೌಕರರ ಸಂಖ್ಯೆ ಒಟ್ಟು 60 ಸಾವಿರಕ್ಕೂ ಹೆಚ್ಚು ಇಳಿಯಿತು. ನಿಮ್ಮ ಮಗಳು ಓದಿ ಹೊರಬಂದದ್ದು ಆ ಇಳಿತದ ನಂತರ. ಇದನ್ನು ಅವಳ ಮುಂದೆ ನೀವೇ ಹೇಳಿ. ಹೇಳಬೇಕಾದ ಇನ್ನೊಂದಿದೆ: ಈ ಕಾಲದ ಕೆಲಸದ ಹುಡುಕಾಟದಲ್ಲಿ 'ಇಲ್ಲ' ಎನ್ನುವ ಉತ್ತರವೂ ಬರುವುದಿಲ್ಲ. ನಮ್ಮ ಕಾಲದಲ್ಲಿ ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ನೋಂದಾಯಿಸಿ, ಅಂಚೆಯವನು ತರುವ ಕಾಗದಕ್ಕೆ ಕಾಯುತ್ತಿದ್ದೆವು. ಬಂದ ಕಾಗದದಲ್ಲಿ ಏನೋ ಒಂದು ಇರುತ್ತಿತ್ತು. ಈಗ ನೂರು ಕಡೆ ಅರ್ಜಿ ಹಾಕಿದರೆ ಬಹುಪಾಲು ಕಡೆಯಿಂದ ಬರೀ ಮೌನ. ಆ ಮೌನವನ್ನು ನಿಮ್ಮ ಮಗಳು ತನ್ನ ಬಗೆಗಿನ ತೀರ್ಪು ಎಂದು ಓದಿಕೊಳ್ಳುತ್ತಿದ್ದಾಳೆ. ಅವಳ ರೆಸ್ಯೂಮ್ ಅನ್ನು ಅಲ್ಲಿ ಮನುಷ್ಯರು ಕಣ್ಣೆತ್ತಿಯೂ ನೋಡಿರಲಿಕ್ಕಿಲ್ಲ.

ದಿನಾ ಸಂಜೆ 'ಏನಾದ್ರೂ ಬಂತಾ' ಎಂದು ಕೇಳುವುದನ್ನು ಆದ್ದರಿಂದಲೇ ನಿಲ್ಲಿಸಿ. ವಾರಕ್ಕೊಂದು ಹೊತ್ತು ಗೊತ್ತುಮಾಡಿ, ಭಾನುವಾರ ತಿಂಡಿ ಆದಮೇಲೆ ಅರ್ಧ ಗಂಟೆ ಎಂದಿಟ್ಟುಕೊಳ್ಳಿ. ಕೆಲಸದ ಮಾತೆಲ್ಲ ಆಗ. ಮಿಕ್ಕ ದಿನ ಬೇರೆ ಮಾತಾಡಿ, ಹತ್ತು ತಿಂಗಳಿಂದ ನಿಮ್ಮಿಬ್ಬರ ನಡುವೆ ಬೇರೆ ಮಾತೇ ಉಳಿದಿಲ್ಲ ಎಂದು ನನ್ನ ಊಹೆ. ಆ ಅರ್ಧ ಗಂಟೆಯಲ್ಲೂ ಕೆಲಸ ಸಿಕ್ಕಿತೇ ಎನ್ನುವ ಬದಲು ಈ ವಾರ ಏನು ಮಾಡಿದೆ ಎಂದು ಕೇಳಿ. ಸಿಗುವುದು ಅವಳ ಕೈಯಲ್ಲಿಲ್ಲ, ಮಾಡುವುದಿದೆ. ಮದುವೆ ಮನೆಯಲ್ಲಿ ನೆಂಟರು 'ಮಗಳಿಗೆ ಕೆಲಸ ಆಯ್ತಾ' ಎಂದಾಗ ಅವಳ ಮುಖ ನೋಡದೆ ನೀವೇ ಮುಂದೆ ಬಂದು 'ಪ್ರಯತ್ನ ಮಾಡ್ತಿದ್ದಾಳೆ, ಊಟ ಮಾಡೋಣ ಬನ್ನಿ' ಎಂದುಬಿಡಿ. ಅಷ್ಟು ಸಾಕು, ವಿವರಣೆ ಯಾರಿಗೂ ಕೊಡಬೇಕಿಲ್ಲ.

ಇಡೀ ದಿನ ಟೈಮ್ ಇದ್ದರೂ ಓದುವುದಿಲ್ಲ ಎಂದು ಬರೆದಿದ್ದೀರಿ. ಆ ಸಾಲು ಓದಿದಾಗ ನನಗೆ ಮೇರಿಯಂತಾಲ್ ನೆನಪಾಯಿತು. ಆಸ್ಟ್ರಿಯಾದ ಒಂದು ಸಣ್ಣ ಊರು, ಬಟ್ಟೆ ಗಿರಣಿಯನ್ನೇ ನಂಬಿದ್ದ ಊರು. 1930ರ ಸುಮಾರಿಗೆ ಗಿರಣಿ ಮುಚ್ಚಿ ಊರಿಗೆ ಊರೇ ನಿರುದ್ಯೋಗಿಯಾಯಿತು. ಮೇರಿ ಯಹೋಡಾ ಎಂಬ ಮನಶ್ಶಾಸ್ತ್ರಜ್ಞೆ ತಮ್ಮ ತಂಡದೊಂದಿಗೆ ಅಲ್ಲಿಗೆ ಹೋಗಿ ಜನರ ದಿನಚರಿಯನ್ನು ಗಮನಿಸಿ 1933ರಲ್ಲಿ ಪುಸ್ತಕ ಪ್ರಕಟಿಸಿದರು. ಜನರಿಗೆ ಈಗ ಬೇಕಾದಷ್ಟು ಹೊತ್ತಿತ್ತು, ಆದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಮೊದಲಿಗಿಂತ ಕಡಿಮೆಯಾಗಿತ್ತು. ಬೀದಿಯಲ್ಲಿ ಗಂಡಸರ ನಡಿಗೆ ಕೂಡ ನಿಧಾನವಾಗಿತ್ತು. ಕೆಲಸ ಸಂಬಳವನ್ನಷ್ಟೇ ಕೊಡುವುದಿಲ್ಲ, ದಿನಕ್ಕೆ ಒಂದು ಆಕಾರ, ನಾಲ್ಕು ಜನರ ಒಡನಾಟ, ನಾನೂ ಬೇಕಾದವನು ಎಂಬ ಭಾವ ಕೊಡುತ್ತದೆ ಎಂದು ಯಹೋಡಾ ಮುಂದೆ ವಿವರಿಸಿದರು. ನಿಮ್ಮ ಮಗಳಿಗೆ ಕಾಲೇಜಿನ ಬೆಲ್ ಹೋಯಿತು, ಗೆಳತಿಯರು ಚದುರಿದರು. ಟೈಮ್ ಇರುವುದರಿಂದಲೇ ಅವಳಿಗೆ ಓದಲಾಗುತ್ತಿಲ್ಲ.

ಆ ಆಕಾರವನ್ನು ಮನೆಯಲ್ಲಿ ಸ್ವಲ್ಪ ಮಟ್ಟಿಗೆ ಕಟ್ಟಬಹುದು. ಏಳುವ ಹೊತ್ತನ್ನು ಒಂದೇ ಸಲ ಹನ್ನೊಂದರಿಂದ ಆರಕ್ಕೆ ತರಲು ಹೋಗಬೇಡಿ, ವಾರಕ್ಕೆ ಅರ್ಧ ಗಂಟೆಯಂತೆ ಹಿಂದೆ ಬರಲಿ. ಬೆಳಗ್ಗೆ ಎರಡು ಮೂರು ಗಂಟೆ ಮನೆಯ ಹೊರಗೆ ಎಲ್ಲಾದರೂ ಕೂತು ಓದಲಿ, ಊರಿನ ಗ್ರಂಥಾಲಯವಾದರೂ ಸರಿ. ಒಂದು ಎಚ್ಚರ ಹೇಳಲೇಬೇಕು. ಮಗಳು ಮನೆಯಲ್ಲಿದ್ದಾಳೆ ಎಂದರೆ ಕಾಫಿ, ಪಾತ್ರೆ, ನೆಂಟರ ಉಪಚಾರ ಎಲ್ಲ ಗೊತ್ತಿಲ್ಲದೆ ಅವಳ ತಲೆಗೆ ಬರುತ್ತದೆ. ಮಗನಾಗಿದ್ದರೆ ಹಾಗಾಗುತ್ತಿರಲಿಲ್ಲ. ಮನೆಗೆಲಸದಲ್ಲಿ ಮೂವರಿಗೂ ಪಾಲಿರಲಿ, ಅವಳ ಓದಿನ ಹೊತ್ತಿನಲ್ಲಿ ಯಾರೂ ಕೂಗಬೇಡಿ. ಬದಲಿಗೆ ತಲೆ ಬೇಕಾಗುವ ಒಂದು ಜವಾಬ್ದಾರಿ ಕೊಡಿ. ನಿಮ್ಮ ಹೊಲಿಗೆಯ ಲೆಕ್ಕ, ಬಾಕಿ ವಸೂಲಿ ಅವಳು ನೋಡಿಕೊಳ್ಳಲಿ.

ಇಂಗ್ಲಿಷ್ ಬಗ್ಗೆ ನೀವು ನೇರವಾಗಿ ಬರೆದಿಲ್ಲ. ಆದರೆ ಎರಡು ಕಡೆ ಟೆಸ್ಟ್ ಪಾಸಾಗಿ ಇಂಟರ್‌ವ್ಯೂನಲ್ಲಿ ನಿಂತಳು ಎಂದರೆ, ಕನ್ನಡ ಮೀಡಿಯಂನಲ್ಲಿ ಓದಿದ ಮಕ್ಕಳ ಎಷ್ಟೋ ಕಥೆಗಳು ನನ್ನ ಕಣ್ಣ ಮುಂದೆ ಬರುತ್ತವೆ. ಉತ್ತರ ಗೊತ್ತಿರುತ್ತದೆ, ಬಾಯಿ ಕಟ್ಟುತ್ತದೆ. ಇಂಗ್ಲಿಷ್ ಪೂರ್ತಿ ಕಲಿತಮೇಲೆ ಹೋಗುತ್ತೇನೆ ಎನ್ನುವುದೂ ತಪ್ಪಿಸಿಕೊಳ್ಳುವ ದಾರಿಯೇ. ಇಂಟರ್‌ವ್ಯೂನಲ್ಲಿ ಖಂಡಿತ ಬರುವ ಪ್ರಶ್ನೆಗಳು ಕೆಲವೇ: ನಿನ್ನ ಬಗ್ಗೆ ಹೇಳು, ಫೈನಲ್ ಇಯರ್ ಪ್ರಾಜೆಕ್ಟ್ ಏನು, ಈ ಕೆಲಸ ಯಾಕೆ ಬೇಕು, ಇಷ್ಟು ತಿಂಗಳು ಏನು ಮಾಡುತ್ತಿದ್ದೆ. ಇವಕ್ಕೆ ತನ್ನದೇ ಸರಳ ಇಂಗ್ಲಿಷಿನಲ್ಲಿ ಉತ್ತರ ಬರೆದು, ಬಾಯಿಪಾಠ ಮಾಡದೆ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಲಿ. ಅವಳಂತೆಯೇ ಕೆಲಸ ಹುಡುಕುತ್ತಿರುವ ಇಬ್ಬರು ಗೆಳತಿಯರು ಸಿಕ್ಕರೆ ರಾತ್ರಿ ವೀಡಿಯೊ ಕಾಲ್‌ನಲ್ಲಿ ಒಬ್ಬರಿಗೊಬ್ಬರು ಇಂಟರ್‌ವ್ಯೂ ಮಾಡಲಿ. ಎರಡು ಗಂಟೆಯವರೆಗಿನ ಮೊಬೈಲ್‌ಗೆ ಬೈಯುವುದಕ್ಕಿಂತ ಇದು ಫಲ ಕೊಡುತ್ತದೆ.

ಅವಳಿಗೆ ಇನ್ನೊಂದು ಸಂಗತಿ ತಿಳಿಸಿ, ಬೇಕೆನಿಸಿದರೆ ಮಾಡಲಿ. ಅಮೆರಿಕದಲ್ಲಿ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಅವರ ಸಂಗಡಿಗರು ಕೆಲಸ ಕಳೆದುಕೊಂಡ ಎಂಜಿನಿಯರುಗಳಿಗೆ ಐದು ದಿನ, ದಿನಕ್ಕೆ 20 ನಿಮಿಷ, ಆ ನೋವಿನ ಬಗ್ಗೆ ಮನಸ್ಸಿನಲ್ಲಿದ್ದುದನ್ನೆಲ್ಲ ಬರೆಯಲು ಹೇಳಿದರು. ಹಾಗೆ ಬರೆದವರಿಗೆ, ಬರೆಯದವರಿಗಿಂತ ಬೇಗ ಕೆಲಸ ಸಿಕ್ಕಿತು ಎಂದು 1994ರಲ್ಲಿ ಪ್ರಕಟಿಸಿದರು. ಬರೆದವರು ಹೆಚ್ಚು ಅರ್ಜಿ ಹಾಕಿದ್ದರಿಂದ ಹಾಗಾದದ್ದಲ್ಲ. ಒಳಗಿನ ಕಹಿ ಕಾಗದಕ್ಕೆ ಇಳಿದ ಮೇಲೆ ಇಂಟರ್‌ವ್ಯೂ ಕೋಣೆಯಲ್ಲಿ ಅದು ಮಾತಿನಲ್ಲಿ ಇಣುಕಲಿಲ್ಲ ಎಂದು ನನಗನ್ನಿಸುತ್ತದೆ. ಆ ನೋಟ್‌ಬುಕ್ ಅವಳದು ಮಾತ್ರ. ದಿಂಬಿನ ಕೆಳಗಿದ್ದರೂ ನೀವು ತೆರೆಯಬಾರದು.

ದುಡ್ಡಿನ ವಿಷಯ. ಎರಡು ಲಕ್ಷದ ಮಾತನ್ನು ಇಂದೇ ಕೈಬಿಡಿ. ನಿಜವಾದ ಕಂಪನಿ ಕೆಲಸ ಕೊಡಲು ದುಡ್ಡು ಕೇಳುವುದಿಲ್ಲ. ಡೆಪಾಸಿಟ್ ಎಂದರೂ, ಟ್ರೇನಿಂಗ್ ಎಂದರೂ, ಒಳಗಿನವರು ಎಂದರೂ ಅದು ಮೋಸವೇ. ಆನ್‌ಲೈನ್‌ನಲ್ಲಿ ಯಾರಿಗಾದರೂ ಕಟ್ಟಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ದೂರು ಕೊಡಿ. ಲೋನ್ ಕಂತು ಶುರುವಾಗುವ ಮೊದಲೇ ಮಗಳು, ಅಪ್ಪ ಇಬ್ಬರೂ ಬ್ಯಾಂಕ್ ಮ್ಯಾನೇಜರನ್ನು ಕಾಣಲಿ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಕೋರ್ಸ್ ಮುಗಿದ ಮೇಲೆ ಒಂದು ವರ್ಷ ಬಿಡುವಿದೆ. ಕೆಲಸ ಸಿಗದ ಅವಧಿಗೆ ಕಂತು ಮುಂದೂಡಲೂ ಅವಕಾಶವಿದೆ, ಒಪ್ಪುವುದು ಬ್ಯಾಂಕಿಗೆ ಬಿಟ್ಟದ್ದು. ಕಂತು ತಪ್ಪಿದ ಮೇಲೆ ಹೋಗುವುದಕ್ಕಿಂತ ಮೊದಲೇ ಹೋದವರ ಮಾತಿಗೆ ಬೆಲೆ ಹೆಚ್ಚು. ಪಾಸಾಗಿ 180 ದಿನ ಕಳೆದಿರುವುದರಿಂದ ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆಯ ಯುವನಿಧಿ ಯೋಜನೆಗೆ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಹೆಚ್ಚೆಂದರೆ 2 ವರ್ಷ, ಅವಳ ಖಾತೆಗೇ ಬರುತ್ತದೆ. ಅರ್ಜಿ ಅವಳೇ ಹಾಕಲಿ, ದುಡ್ಡು ಅವಳ ಬಳಿಯೇ ಇರಲಿ. 23 ವರ್ಷದವಳು ಒಂದು ಇಂಟರ್‌ವ್ಯೂಗೆ ಪ್ರಿಂಟ್ ತೆಗೆಸಲು ಅಪ್ಪನ ಮುಂದೆ ಕೈ ಚಾಚುವುದೇ ಅವಳನ್ನು ಕುಗ್ಗಿಸುತ್ತದೆ.

ಸಾಫ್ಟ್‌ವೇರ್ ಒಂದೇ ದಾರಿಯಲ್ಲ ಎಂದೂ ನೆನಪಿರಲಿ. ಎಲೆಕ್ಟ್ರಾನಿಕ್ಸ್ ಓದಿದವರನ್ನು ಬೆಂಗಳೂರಿನ ಬಿಇಎಲ್, ಎಚ್‌ಎಎಲ್‌ನಂಥ ಸಂಸ್ಥೆಗಳು ಒಂದು ವರ್ಷದ ಪದವೀಧರ ಅಪ್ರೆಂಟಿಸ್ ಆಗಿ ಸ್ಟೈಪೆಂಡ್ ಕೊಟ್ಟು ತೆಗೆದುಕೊಳ್ಳುತ್ತವೆ. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಅಲ್ಲೇ ಕಾಯಂ ಕೆಲಸ ಸಿಗುತ್ತದೆ ಎಂದಲ್ಲ. ಆದರೆ ದಿನಕ್ಕೊಂದು ಆಕಾರ ಬರುತ್ತದೆ, ರೆಸ್ಯೂಮ್‌ನಲ್ಲಿ ಒಂದು ಸಾಲು ಬರುತ್ತದೆ. ಪಾಸಾಗಿ ಹೆಚ್ಚು ವರ್ಷ ಕಳೆದರೆ ಈ ಬಾಗಿಲು ಮುಚ್ಚುತ್ತದೆ. ಕೆಪಿಎಸ್‌ಸಿ, ಬ್ಯಾಂಕ್ ಪರೀಕ್ಷೆ ಬರೆಯುತ್ತೇನೆ ಎಂದು ಅವಳು ಹೇಳಿದರೆ ಸಂತೋಷವೇ, ಜೊತೆಗೆ ಒಂದು ಪ್ರಶ್ನೆ ಮೆಲ್ಲಗೆ ಕೇಳಿ: 'ಅದು ಇಷ್ಟ ಅಂತನಾ, ಇಂಟರ್‌ವ್ಯೂ ಇನ್ನೆರಡು ವರ್ಷ ತಪ್ಪುತ್ತೆ ಅಂತನಾ?' ಉತ್ತರ ನಿಮಗೆ ಹೇಳಬೇಕಿಲ್ಲ, ಅವಳಿಗೆ ಗೊತ್ತಾದರೆ ಸಾಕು.

ಯುಗಾದಿಯ ಗಡುವಿನ ಬಗ್ಗೆ ನಾನು ಖಡಾಖಂಡಿತವಾಗಿ ಹೇಳುತ್ತೇನೆ, ಇದನ್ನು ನಿಮ್ಮ ಯಜಮಾನರೂ ಓದಲಿ. ಅಣ್ಣ, ಸಾಲದ ಚಿಂತೆ, ವಯಸ್ಸಿಗೆ ಬಂದ ಮಗಳ ಚಿಂತೆ, ಎರಡೂ ನಿಮ್ಮನ್ನು ಕೊರೆಯುತ್ತಿವೆ ಎಂದು ನನಗೆ ಅರ್ಥವಾಗುತ್ತದೆ. ಆದರೆ ಮದುವೆಯನ್ನು ಶಿಕ್ಷೆಯ ಹಾಗೆ ಮುಂದಿಟ್ಟರೆ, ಪ್ರತಿ ಇಂಟರ್‌ವ್ಯೂನಲ್ಲೂ ಅವಳ ಇಡೀ ಬದುಕೇ ಪಣಕ್ಕೆ ಬೀಳುತ್ತದೆ. ಅಂಥ ಹೊರೆ ಹೊತ್ತು ಯಾರ ಬಾಯಿಂದಲೂ ಮಾತು ಹೊರಡುವುದಿಲ್ಲ. ಮದುವೆಯಾದರೆ ಆತಂಕ ಹೋಗುವುದೂ ಇಲ್ಲ, ಅದು ಅವಳ ಜೊತೆ ಇನ್ನೊಂದು ಮನೆಗೆ ಹೋಗುತ್ತದೆ. ಆ ಗಡುವು ತೆಗೆದೆ ಎಂದು ನೀವೇ ಬಾಯಿಬಿಟ್ಟು ಅವಳಿಗೆ ಹೇಳಿ. ಅಮ್ಮನ ಮೂಲಕ ಹೇಳಿಸಬೇಡಿ.

ಮತ್ತೆ ನಿಮಗೆ, ಅಮ್ಮ. ಒಪ್ಪಿಕೊಂಡ ಬಟ್ಟೆಗಳನ್ನು ಹೊಲಿಯಲು ಕೂರಿ. ಅಮ್ಮನ ಮಿಷನ್ ನಿಂತಿರುವುದು ತನ್ನಿಂದ ಎಂದು ಅವಳಿಗೆ ಗೊತ್ತು, ತಾನು ಭಾರ ಎಂಬ ಭಾವನೆಗೆ ಅದೂ ಸೇರಿಕೊಂಡಿರುತ್ತದೆ.

ಇಷ್ಟೆಲ್ಲ ಮಾಡಿಯೂ ಎರಡು ತಿಂಗಳಲ್ಲಿ ಏನೂ ಅಲುಗದಿದ್ದರೆ, ಅಥವಾ ಅದಕ್ಕೂ ಮೊದಲೇ ಎರಡು ವಾರ ಬಿಡದೆ ಊಟ ಸೇರದೆ, ನಿದ್ದೆ ಕೆಟ್ಟು, ಇಷ್ಟವಾದದ್ದರಲ್ಲೂ ಮನಸ್ಸಿಲ್ಲದೆ ಇದ್ದರೆ ಮನೋವೈದ್ಯರಿಗೋ ಆಪ್ತಸಮಾಲೋಚಕರಿಗೋ ತೋರಿಸಬೇಕು. ಆತಂಕಕ್ಕೆ ಮಾತಿನ ಚಿಕಿತ್ಸೆಯೂ ಇದೆ, ಬೇಕಾದರೆ ಔಷಧಿಯೂ ಇದೆ, ಎರಡೂ ಕೆಲಸ ಮಾಡುತ್ತವೆ. ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲಿ ಆಗದಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಅವಳು ದೊಡ್ಡವಳು, ಎಳೆದುಕೊಂಡು ಹೋಗಲಾಗದು, ಮೋಸ ಮಾಡಿ ಕರೆದೊಯ್ಯಲೂ ಬಾರದು. ಬರುವುದಿಲ್ಲ ಎಂದರೆ ಮೊದಲ ಸಲ ನೀವೂ ಯಜಮಾನರೂ ಇಬ್ಬರೇ ಹೋಗಿ, ನಿಮಗೆ ನಿದ್ದೆ ಬಾರದಿರುವುದನ್ನೂ ಹೇಳಿ. ಎಲ್ಲಿಗೆ, ಯಾಕೆ ಹೋಗುತ್ತಿದ್ದೀರಿ ಎಂದು ಅವಳಿಗೆ ತಿಳಿಸಿಯೇ ಹೊರಡಿ.